ಕಾಲರಕ್ಕ ನೆಲದಿಂದ ಎದ್ದದ್ದು

ಕಾಲರಕ್ಕ ಅವತ್ತು ನೆಲಕ್ಕೆ ಕೂತದ್ದು ಒಂದು ಚಮಚಕ್ಕಾಗಿ. ಮೊಮ್ಮಗಳು ಊಟದ ನಡುವೆ ಎಸೆದ ಚಮಚ ಮಂಚದಡಿ ಸೇರಿತ್ತು. ಬಗ್ಗಿದಳು, ಕೈಗೆ ನಿಲುಕಲಿಲ್ಲ. ಮಂಡಿಯೂರಿದಳು, ಮಂಡಿ ಚುರ್ರೆಂದಿತು. ಹಾಳಾಗಿ ಹೋಗಲಿ ಅಂತ ಕುಂಡೆ ಊರಿ ಕೂತೇಬಿಟ್ಟಳು. ಚಮಚ ಸಿಕ್ಕಿತು. ಏಳಲು ಹೋದರೆ ನೆಲ ಬಿಡಲೊಲ್ಲದು.

ಎಡಗೈ ಊರಿ ನೋಡಿದಳು, ಬಲಗೈ ಊರಿ ನೋಡಿದಳು. ಮಂಚದ ಕಾಲು ಹಿಡಿದು ಜಗ್ಗಿದರೆ ಅವಳು ಏಳುವ ಬದಲು ಮಂಚವೇ ಅವಳ ಹತ್ತಿರ ಬಂತು. ಅಜ್ಜಿಯ ಈ ಹೊಸ ಆಟ ಮಗುವಿಗೆ ಸ್ವಲ್ಪ ಹೊತ್ತು ಹಿಡಿಸಿತು. ಬೇಸರವಾದ ಮೇಲೆ ತಿರುಗಿ ಬಾಗಿಲ ಕಡೆ ಅಂಬೆಗಾಲಿಟ್ಟು ಹೊರಟಿತು. ಬಾಗಿಲು ಅರ್ಧ ತೆರೆದಿತ್ತು. ಆಚೆಗೆ ಕಟ್ಟಡದ ಕಡಿದಾದ ಮೆಟ್ಟಿಲು.

"ಏ ಪುಟ್ಟಿ, ಬಾ ಇಲ್ಲಿ. ಚಮಚ ನೋಡು, ಚಮಚ!"

ಪುಟ್ಟಿಗೆ ಚಮಚದ ಮೇಲಿನ ಆಸೆ ಅದನ್ನು ಎಸೆದಾಗಲೇ ತೀರಿತ್ತು. ಕಾಲರಕ್ಕ ಕುಂಡೆಯ ಮೇಲೇ ತೆವಳಿದಳು, ಆಮೇಲೆ ಹೊಟ್ಟೆಯ ಮೇಲೆ ತೆವಳಿದಳು. ಹೊಸ್ತಿಲು ದಾಟುತ್ತಿದ್ದ ಮಗುವಿನ ಹಿಮ್ಮಡಿ ಕೈಗೆ ಸಿಕ್ಕಿತು. ಸಿಕ್ಕಿದ್ದನ್ನು ಬಿಡಲಿಲ್ಲ. ಸಾಮಾನಿನ ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದ ಸೊಸೆಗೆ ಕಂಡದ್ದು ಇದು: ಅತ್ತೆ ಬೋರಲು ಬಿದ್ದಿದ್ದಾರೆ, ಮಗುವಿನ ಕಾಲು ಅವರ ಮುಷ್ಟಿಯಲ್ಲಿದೆ, ಮಗು ಮೆಟ್ಟಿಲ ಕಡೆ ಮುಖ ಮಾಡಿ ಕಿರುಚುತ್ತಿದೆ.

ಸೊಸೆ ಕೂಗಾಡಲಿಲ್ಲ. ಚೀಲ ಇಟ್ಟಳು, ಮಗು ಎತ್ತಿಕೊಂಡಳು, ಬಾಗಿಲು ಹಾಕಿದಳು, ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಕೂಗಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು ಕಾಲರಕ್ಕನಿಗೆ. ಬೈದರೆ ತಿರುಗಿ ಬೈಯಬಹುದು. ಸುಮ್ಮನಿದ್ದವರನ್ನು ಏನು ಮಾಡುವುದು?

ಸೊಸೆ ನಗರದ ಬಸ್ಸು ಓಡಿಸುವವಳು. ಆ ಕೆಲಸಕ್ಕೆ ಅವಳನ್ನು ಪರೀಕ್ಷೆ ಮಾಡಿದ ದಿನ ಡಿಪೋದ ಗಂಡಸರೆಲ್ಲ ಗೋಡೆಗೊರಗಿ, ಹಲ್ಲು ಕಿರಿಯುತ್ತಾ ತಮಾಷೆ ನೋಡಲು ನಿಂತಿದ್ದರು. ಅವಳು ಎರಡು ಬಸ್ಸುಗಳ ನಡುವಿನ ಕಿಷ್ಕಿಂಧೆಯಂಥ ಜಾಗಕ್ಕೆ ಮೂರನೆಯದನ್ನು ಹಿಮ್ಮುಖವಾಗಿ ತಂದು, ಕನ್ನಡಿಗೂ ಗೀಚು ಬೀಳದಂತೆ ನಿಲ್ಲಿಸಿ, ಇಳಿದು, ಯಾರ ಮುಖವನ್ನೂ ನೋಡದೆ ನೀರು ಕುಡಿಯಲು ಹೋಗಿದ್ದಳು. ಈಗ ಹೆರಿಗೆಯ ರಜೆ, ಅದರ ಮೇಲೆ ಬೇಡಿ ಪಡೆದ ಇನ್ನಷ್ಟು ರಜೆ. ಬೇಸಿಗೆ ಮುಗಿಯುವಷ್ಟರಲ್ಲಿ ಡಿಪೋಗೆ ಹಾಜರಾಗದಿದ್ದರೆ ಆ ಸೀಟಿಗೆ ಸಾಲಿನಲ್ಲಿ ನಿಂತವರು ಬೇಕಾದಷ್ಟು ಜನ. ಬೀದಿ ಕೊನೆಯ ಶಿಶುವಿಹಾರ ನಡೆಯಲು ಕಲಿತ ಮಕ್ಕಳನ್ನಷ್ಟೇ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಮಗುವನ್ನು ಅಜ್ಜಿ ನೋಡಿಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಆ ಮಾತು ಈಗ ಹೊಸ್ತಿಲ ಮೇಲೆ ಬೋರಲು ಬಿದ್ದಿತ್ತು.

ಸಂಜೆ ಮಗ ಬಂದ. ಮೀನು, ಮಾಂಸ, ಹಣ್ಣು ಶೇಖರಿಸುವ ಶೈತ್ಯಾಗಾರದಲ್ಲಿ ಅವನಿಗೆ ಕೆಲಸ. ಬೇಸಿಗೆಯಲ್ಲೂ ಮೂಗು ಸೋರಿಸಿಕೊಂಡೇ ಮನೆಗೆ ಬರುವವನು. ನಡೆದದ್ದನ್ನು ಕೇಳಿ ಟೀ ಹೀರಿ ತೀರ್ಪು ಕೊಟ್ಟ.

"ಒಂದ್ವರ್ಷ ಕೆಲ್ಸ ಬಿಟ್ರಾಯ್ತು. ಆಮೇಲೆ ನೋಡ್ಕೊಳ್ಳೋಣ."

"ಯಾರು ಬಿಡೋದು?" ಅಂದಳು ಕಾಲರಕ್ಕ.

"ಇವಳು."

"ನೀನ್ಯಾಕೆ ಬಿಡ್ಬಾರ್ದು?"

ಮಗ ಟೀ ಲೋಟದೊಳಗೆ ನೊಣ ಬಿದ್ದಿದೆಯೇನೋ ಎಂಬಂತೆ ಇಣುಕಿ ನೋಡತೊಡಗಿದ. ಸೊಸೆ ಗಂಡನ ಕಡೆ ತಿರುಗಲೂ ಇಲ್ಲ. ನೇರ ಅತ್ತೆಗೇ ಹೇಳಿದಳು.

"ಅತ್ತೆ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನೀವು ನೆಲಕ್ಕೆ ಕೂತು, ಇವಳನ್ನ ಎತ್ಕೊಂಡು, ಏನೂ ಹಿಡ್ಕೊಳ್ದೆ ಏಳ್ಬೇಕು. ಎದ್ರೆ ನಾನು ಬಸ್ ಹತ್ತೀನಿ. ಇಲ್ಲಾಂದ್ರೆ ಇವರು ಹೇಳ್ದಂಗೇ ಆಗ್ಲಿ."

"ಅಂದ್ರೆ, ಪರೀಕ್ಷೆ?"

"ಹೂಂ. ನಂಗೂ ಮಾಡಿದ್ರಲ್ಲ."

ಕಾಲರಕ್ಕನಿಗೆ ಈ ಮಾತು ಹಿಡಿಸಿತು. ಅಯ್ಯೋ ಪಾಪ ಅನ್ನುವವರಿಗಿಂತ ಪರೀಕ್ಷೆ ಮಾಡುವವರು ವಾಸಿ. "ಆಯ್ತು ಕಣೇ," ಅಂದಳು. "ಬೇಸಿಗೆ ಮುಗಿಯೋದ್ರೊಳಗೆ ಎದ್ದು ತೋರಿಸ್ತೀನಿ."

ಹೇಳಿದ್ದು ಸುಲಭ. ಆದರೆ ಆ ಮೈ ಅವಳೊಬ್ಬಳದೇ ಆಗಿರಲಿಲ್ಲ. ಅರ್ಧ ಕಾರ್ಖಾನೆಯದು.

ಹೆಸರಿಗೆ ತಕ್ಕಂತೆ ಕಾಲರಕ್ಕ ಬದುಕಿಡೀ ಹೊಲಿದದ್ದು ಅಂಗಿಯ ಕಾಲರು. ಪೂರ್ತಿ ಅಂಗಿಯನ್ನು ಅವಳು ಒಮ್ಮೆಯೂ ಹೊಲಿದವಳಲ್ಲ. ತೋಳು ಪಕ್ಕದ ಸಾಲಿನವರದು, ಗುಂಡಿ ಆಚೆ ಸಾಲಿನವರದು. ಕಾಲರಿನಲ್ಲಿ ಎಲ್ಲ ಕಷ್ಟವೂ ಅದರ ಮೂತಿಯಲ್ಲಿ, ಆ ಚೂಪು ತುದಿಯಲ್ಲಿದೆ. ಹೊಲಿಗೆ ಮೂತಿಗೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಬೇಕು, ಬಟ್ಟೆ ಒತ್ತಿ ಹಿಡಿಯುವ ಯಂತ್ರದ ಪಾದ ಎತ್ತಬೇಕು, ಬಟ್ಟೆ ತಿರುಗಿಸಬೇಕು, ಪಾದ ಇಳಿಸಬೇಕು. ಒಂದು ನೂಲಿನಷ್ಟು ತಪ್ಪಿದರೂ ಮೂತಿ ಸೊಟ್ಟ. ಆ ಗಳಿಗೆಯಲ್ಲಿ ಸಾಲಿನ ಹೆಂಗಸರೆಲ್ಲ ಉಸಿರು ಹಿಡಿಯುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಹಾಗೇ ಬಂದದ್ದು. ದಿನವಿಡೀ ಹಿಡಿದು ಬಿಟ್ಟು, ಹಿಡಿದು ಬಿಟ್ಟು. ಕತ್ತು ಮುಂದಕ್ಕೆ, ಬೆನ್ನು ಗೂನು, ಬಲಗಾಲು ಪೆಡಲಿನ ಮೇಲೆ. ಕಾರ್ಖಾನೆ ದುಡಿಮೆಯನ್ನಷ್ಟೇ ಕೊಳ್ಳುತ್ತದೆ ಅನ್ನುವವರು ಕಾರ್ಖಾನೆ ನೋಡಿದವರಲ್ಲ. ಅದು ಮೈಯನ್ನು ಕುರ್ಚಿಯ ಆಕಾರಕ್ಕೆ ಬಗ್ಗಿಸಿ, ಕೊನೆಗೆ ಕುರ್ಚಿಯನ್ನು ಇಟ್ಟುಕೊಂಡು ಮೈಯನ್ನು ಮಾತ್ರ ಮನೆಗೆ ಕಳಿಸುತ್ತದೆ.

ಇನ್ನೊಂದು ರೂಢಿಯೂ ಆ ಸಾಲಿನಲ್ಲಿತ್ತು. ಮೈ ಚೆನ್ನಾಗಿದ್ದ ದಿನ ಹಲ್ಲು ಕಚ್ಚಿ ಹೆಚ್ಚಿಗೆ ಹೊಲಿದು, ಆ ಕಾಲರುಗಳ ಕಟ್ಟನ್ನು ಯಂತ್ರದ ಕೆಳಗೆ ಕಾಲಿನ ಮರೆಯಲ್ಲಿ ಬಚ್ಚಿಡುವುದು. ಹೊಟ್ಟೆನೋವಿನ ದಿನ, ಜ್ವರದ ದಿನ, ಮಗುವಿಗೆ ಹುಷಾರಿಲ್ಲದೆ ನಿದ್ದೆಗೆಟ್ಟ ದಿನ ಅದನ್ನು ತೆಗೆದು ಅವತ್ತಿನ ಲೆಕ್ಕಕ್ಕೆ ಕೊಡುವುದು. ಸೂಪರ್‌ವೈಸರನ ಬಾಯಿಗೆ ಬೀಗ. ನಾಳೆಯ ಕೆಲಸವನ್ನು ಇವತ್ತೇ ಕದ್ದು ಮಾಡಿಡುವುದರಲ್ಲಿ ಕಾಲರಕ್ಕನನ್ನು ಮೀರಿಸಿದವರಿರಲಿಲ್ಲ.

ಈ ರೂಢಿಯೇ ಅವಳಿಗೆ ಕೈಕೊಟ್ಟದ್ದು.

ಪರೀಕ್ಷೆಯ ಮಾತಾದ ಮರುದಿನವೇ ಅವಳು ಮೊಣಕೈಯಮ್ಮನ ಹತ್ತಿರ ಹೋದಳು. ಎರಡು ಬೀದಿ ಆಚೆ, ಲಾಂಡ್ರಿಯ ಮೇಲಿನ ಕೋಣೆ. ಕೆಳಗಿನಿಂದ ಸೋಪಿನ ಹಬೆ, ಮೇಲೆ ಎಣ್ಣೆಯ ವಾಸನೆ. ಒಂದು ಉದ್ದನೆಯ ಬೆಂಚು, ನೆಲಕ್ಕೆ ದಪ್ಪ ಚಾಪೆ, ಕಿಟಕಿಯಲ್ಲಿ ಎಣ್ಣೆ ಬಾಟಲಿಗಳು, ಗೋಡೆಗೆ ಒರಗಿಸಿಟ್ಟ ಒಂದು ಕೋಲು. ಮೊಣಕೈಯಮ್ಮ ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ರೋಗಿಗಳನ್ನು ಎತ್ತಿ, ಹೊರಳಿಸಿ, ನಡೆಸಿ ನಿವೃತ್ತಳಾದವಳು. ಅಲ್ಲಿ ಕಲಿತ ವಿದ್ಯೆಯನ್ನೇ ಇಟ್ಟುಕೊಂಡು ಇಲ್ಲಿ ಮುದಿ ಮೈಗಳನ್ನು ತಿಕ್ಕಿ, ಒತ್ತಿ, ಸಡಿಲಿಸುತ್ತಿದ್ದಳು. ಬೆರಳು ಸವೆದುಹೋಗಿದ್ದರಿಂದ ಮೊಣಕೈಯಲ್ಲೇ ಒತ್ತುತ್ತಿದ್ದಳು. ಎಲ್ಲರಿಗೂ ಏಕವಚನ, ಡಾಕ್ಟರಿಗೂ ಹಾಗೇ ಅನ್ನುತ್ತಿದ್ದಳಂತೆ.

"ಮಲ್ಕೋ," ಅಂದಳು. ಕಾಲರಕ್ಕ ಮಲಗಿದಳು. ಸೊಂಟದ ಬದಿಯಲ್ಲಿ ಮೊಣಕೈ ಇಳಿದಾಗ ಪ್ರಾಣವೇ ಬಾಯಿಗೆ ಬಂತು.

"ಅಯ್ಯೋ ಕೊಲೆಗಾತಿ!"

"ಬೈ, ಪರವಾಗಿಲ್ಲ. ಬೈಯೋರ ಮೈ ಬೇಗ ಸಡಿಲ ಆಗತ್ತೆ. ಬಲಗಡೆ ಯಾಕೆ ಇಷ್ಟು ಕಲ್ಲಾಗಿದೆ? ಪೆಡಲ್ಲಾ?"

"ಹೂಂ, ಪೆಡಲ್ಲು."

"ನಿಮ್ಮ ಸಾಲಿನೋರೆಲ್ಲ ಹೀಗೇ. ಬಲಗಾಲು ಇನ್ನೂ ಡ್ಯೂಟಿ ಮೇಲಿದೆ, ನೋಡು. ಮನೆಗೆ ಹೋಗು ಅಂತ ಯಾರೂ ಅದಕ್ಕೆ ಹೇಳೇ ಇಲ್ಲ."

ಎಣ್ಣೆ ಹಚ್ಚಿ ಮೀನಖಂಡ ಹಿಂಡಿದಳು, ಪಾದದ ಕೀಲು ತಿರುಗಿಸಿದಳು, ತೊಡೆಯ ಬುಡದಲ್ಲಿ ಹಗ್ಗದಂತೆ ಬಿಗಿದಿದ್ದುದನ್ನು ಒತ್ತಿ ಹಿಡಿದು ಅದು ತಾನಾಗಿ ಸೋಲುವವರೆಗೆ ಕಾದಳು. ಆಮೇಲೆ ಚಾಪೆಯ ಮೇಲೆ ಏಳುವುದನ್ನು ಬಿಡಿಸಿ ತೋರಿಸಿದಳು. ಮೊದಲು ಒಂದು ಮಗ್ಗುಲಿಗೆ ಹೊರಳು. ಆಮೇಲೆ ಎರಡೂ ಮಂಡಿ. ಆಮೇಲೆ ಒಂದು ಪಾದ ಮುಂದಕ್ಕೆ. ಆ ಹಿಮ್ಮಡಿಯಿಂದ ನೆಲ ಒತ್ತಿ ಮೇಲಕ್ಕೆ. ಸದ್ಯಕ್ಕೆ ಕೋಲು ಹಿಡಿದು.

"ದಿನಾ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಜಾಸ್ತಿ ಬೇಡ. ನೋವು ಚುಚ್ಚಿದ್ರೆ ನಿಲ್ಸು. ವಾರಕ್ಕೊಂದ್ಸಲ ನನ್ನ ಹತ್ರ ಬಾ. ಗೊತ್ತಾಯ್ತಾ?"

"ಗೊತ್ತಾಯ್ತು."

ಏನೂ ಗೊತ್ತಾಗಿರಲಿಲ್ಲ. ಕೆಲವು ದಿನ ಹೇಳಿದಂತೆ ಮಾಡಿದಳು, ಮೈ ಚೂರು ಹಗುರವಾಯಿತು. ಹಗುರವಾದದ್ದೇ ತಲೆಗೇರಿತು. ಒಂದು ಬೆಳಿಗ್ಗೆ ಎದ್ದಾಗ ಮಂಡಿ ನೋಯಲಿಲ್ಲ, ಸೊಂಟ ಹಿಡಿಯಲಿಲ್ಲ. ಇಂಥ ದಿನವನ್ನು ವ್ಯರ್ಥ ಮಾಡುವವಳೇ ಕಾಲರಕ್ಕ? ಮಗನೂ ಸೊಸೆಯೂ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದರು. ಬಾಗಿಲು ಹಾಕಿಕೊಂಡು ಶುರುಮಾಡಿದಳು. ಇವತ್ತಿನದು ಮುಗಿಯಿತು. ನಾಳೆಯದೂ ಆಗಿಹೋಗಲಿ. ನಾಡಿದ್ದಿನದು? ಅದೂ ಇರಲಿ, ಮಳೆಯೋ ಗಾಳಿಯೋ ಯಾರಿಗೆ ಗೊತ್ತು. ಕೂತು ಎದ್ದು, ಕೂತು ಎದ್ದು, ವಾರದ ಕೋಟಾ ಮುಗಿಸಿ, ಬೆವರು ಒರೆಸಿಕೊಂಡು, ಇಡೀ ಒಂದು ಕಟ್ಟನ್ನು ಯಂತ್ರದ ಕೆಳಗೆ ಬಚ್ಚಿಟ್ಟವಳ ಹಿಗ್ಗಿನಲ್ಲಿ ಟೀ ಕಾಯಿಸಲು ಹೋದಳು.

ಬಟ್ಟೆಯ ಕಟ್ಟನ್ನು ಬಚ್ಚಿಡಬಹುದು. ಮೈಯ ಕೆಲಸವನ್ನು ಎಲ್ಲಿ ಬಚ್ಚಿಡುವುದು? ಟೀ ಕುದಿ ಬರುವ ಮೊದಲೇ ಸೊಂಟ ಒಳಗಿನಿಂದ ಕೊಕ್ಕೆ ಹಾಕಿದಂತೆ ಹಿಡಿದುಕೊಂಡಿತು. ಅವರು ವಾಪಸು ಬಂದಾಗ ಕಾಲರಕ್ಕ ಒಲೆಯ ಕಟ್ಟೆಗೆ ಎರಡೂ ಕೈ ಊರಿ ಅರ್ಧ ಬಗ್ಗಿ ನಿಂತಿದ್ದಳು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಟೀ ಸುಟ್ಟು ಪಾತ್ರೆ ಕರ್ರಗಾಗಿತ್ತು. ಪುಣ್ಯಕ್ಕೆ ಒಲೆಯ ಗುಂಡಿ ಕೊನೆಗಾದರೂ ಕೈಗೆ ಎಟುಕಿತ್ತು.

"ಏನ್ ಮಾಡ್ಕೊಂಡ್ರಿ ಅತ್ತೆ?"

"ಏನಿಲ್ಲ. ವ್ಯಾಯಾಮ."

"ಎಷ್ಟು?"

ಕಾಲರಕ್ಕ ಹೇಳಿದಳು. ಸುಳ್ಳು ಹೇಳುವ ಭಂಗಿಯಲ್ಲಿ ಅವಳು ಇರಲಿಲ್ಲ.

ಮಗನಿಗೆ ನಗು ತಡೆಯಲಾಗಲಿಲ್ಲ. "ಅಮ್ಮ, ಮುಂದಿನ್ ವಾರದ ಊಟಾನೂ ಇವತ್ತೇ ಮಾಡ್ಬಿಡ್ತೀಯಾ?"

ಸೊಸೆ ನಗಲಿಲ್ಲ. ಅತ್ತೆಯನ್ನು ನಿಧಾನಕ್ಕೆ ಹಾಸಿಗೆಗೆ ಸಾಗಿಸಿ, ಬಿಸಿನೀರಿನ ಚೀಲವನ್ನು ಬೆನ್ನಿಗೆ ಕೊಟ್ಟು ಪಕ್ಕದಲ್ಲಿ ಕೂತಳು. "ನಿಮಗೆ ಶಕ್ತಿ ಇಲ್ಲ ಅಂತ ನಂಗೆ ಭಯ ಅಲ್ಲ ಅತ್ತೆ. ಶಕ್ತಿ ಇವತ್ತಿಲ್ದಿದ್ರೆ ನಾಳೆ ಬರತ್ತೆ. ನಿಮ್ಮ ಹಠಕ್ಕೆ ಬ್ರೇಕೇ ಇಲ್ಲ. ಬ್ರೇಕ್ ಇಲ್ದಿರೋ ಗಾಡಿಗೆ ನಾನು ನನ್ನ ಮಗೂನ ಹತ್ತಿಸ್ಲಾ?"

ಮಗು ಚುಚ್ಚುಮದ್ದಿನ ನೋವಿಗೆ ಅತ್ತು, ಮಲಗಿದ ಅಜ್ಜಿಯ ಪಕ್ಕದಲ್ಲೇ ನಿದ್ದೆ ಹೋಗಿತ್ತು. ಕಾಲರಕ್ಕ ಛಾವಣಿ ನೋಡುತ್ತಾ ಮಲಗಿದಳು.

ಸೊಸೆ ಡಿಪೋಗೆ ಬರುವುದಿಲ್ಲ ಅಂತ ಹೇಳಿಬಿಟ್ಟಳೋ ಎಂಬ ಭಯ ಅವಳನ್ನು ಹಾಸಿಗೆಯಲ್ಲಿ ಕಾಡಿತು. ಕೇಳಲಿಲ್ಲ. ಆದರೆ ಸೊಸೆ ತನ್ನ ಕೆಲಸದ ಸಮವಸ್ತ್ರವನ್ನು ಮೊಳೆಯಿಂದ ಇಳಿಸಿ, ಮಡಿಸಿ, ಪೆಟ್ಟಿಗೆಯಲ್ಲಿ ಇಡುವುದು ಕಂಡಿತು. ಆ ಅಂಗಿಯ ಕಾಲರನ್ನು ಕಾಲರಕ್ಕ ಬಲ್ಲಳು. ಅವಳ ಕಾರ್ಖಾನೆಯದಲ್ಲ, ಆದರೂ ಯಾವಳೋ ಒಬ್ಬಳು ಉಸಿರು ಹಿಡಿದು ತಿರುಗಿಸಿದ ಮೂತಿ ಅದು. ಕಾಲರಕ್ಕ ಖಾಲಿ ಮೊಳೆಯನ್ನೇ ನೋಡಿದಳು. ನನ್ನ ಮಂಡಿ ನೆಪವಾಗಿ ಇವಳು ಸ್ಟಿಯರಿಂಗ್ ಬಿಡುವುದೇ? ಸತ್ತರೂ ಇಲ್ಲ.

ನಡೆಯಲಾದ ಕೂಡಲೇ ಲಾಂಡ್ರಿಯ ಮೆಟ್ಟಿಲು ಹತ್ತಿದಳು. ನಡೆದದ್ದನ್ನು ಕೇಳಿ ಮೊಣಕೈಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರೇ ನಿಂಗೆ ಓವರ್‌ಟೈಮ್ ಮಾಡು ಅಂದಿದ್ದು?"

"ಮುಂದಕ್ಕಾಗತ್ತೆ ಅಂದ್ಕೊಂಡೆ."

"ಮೈಗೆ ಮುಂದಕ್ಕೆ, ಹಿಂದಕ್ಕೆ ಅಂತಿಲ್ಲ ತಾಯಿ. ಇವತ್ತು ತಿಂದಿದ್ದು ಇವತ್ತಿಗೆ. ಇನ್ನೊಂದ್ಸಲ ಹೀಗೆ ಮಾಡ್ಕೊಂಡು ಬಂದ್ರೆ ಈ ಕೋಲು ಯಾತಕ್ಕೆ ಉಪಯೋಗ ಆಗತ್ತೆ ನೋಡ್ತಿರು."

ಮತ್ತೆ ಮೊದಲಿನಿಂದ. ಒತ್ತುವುದು, ತಿಕ್ಕುವುದು, ಹೊರಳುವುದು. ಈ ಸಲ ಕಾಲರಕ್ಕ ಹೇಳಿದಷ್ಟೇ ಮಾಡಿದಳು. ಅವಳ ಜನ್ಮದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ. ಇನ್ನೂ ಮಾಡಬಲ್ಲೆ ಅನ್ನಿಸುತ್ತಿರುವಾಗಲೇ ನಿಲ್ಲಿಸಿ, ಕೈಕಟ್ಟಿ ಕೂರುವುದು. ಕೂತಲ್ಲಿ ಕಾಲು ಕುಣಿಯುತ್ತಿತ್ತು. ಮಗ ನೋಡಿ, "ಅಮ್ಮ, ಸುಮ್ನೆ ಕೂತ್ಕೊಂಡು ಬೆವರೋದನ್ನ ನಿನ್ನ ಹತ್ರ ಕಲೀಬೇಕು," ಅಂತ ಕೀಟಲೆ ಮಾಡಿದ. ಆದರೆ ಅವನೂ ಸುಮ್ಮನಿರಲಿಲ್ಲ. ಬಾಗಿಲಿಗೆ ಮೊಣಕಾಲೆತ್ತರದ ಹಲಗೆಯ ತಡೆ ಮಾಡಿ ಕೂರಿಸಿದ. ಹೆಂಡತಿ ಕೆಲಸ ಬಿಡಲಿ ಅನ್ನುವ ಮಾತನ್ನು ಮತ್ತೆ ಎತ್ತಲಿಲ್ಲ.

ಮೈ ಬಿಡುತ್ತಾ ಬಂತು. ಕತ್ತು ಎರಡೂ ಕಡೆ ತಿರುಗಿತು. ಬಲಗಾಲಿನ ಡ್ಯೂಟಿ ಕೊನೆಗೂ ಮುಗಿಯಿತು. ಕೋಲು ಹಿಡಿದು ಏಳುವುದು ಸಲೀಸಾಯಿತು. ಕೋಲು ಬಿಟ್ಟರೆ ಮಾತ್ರ ಎಲ್ಲ ಗೋತಾ. ಒಂದು ಪಾದ ಮುಂದಿಟ್ಟು ಮೇಲಕ್ಕೆ ಒತ್ತುವ ಕ್ಷಣದಲ್ಲಿ ಕಣ್ಣು ಕತ್ತಲೆ ಬಂದು, ತಲೆ ಸುತ್ತಿದಂತಾಗಿ ಮತ್ತೆ ಚಾಪೆಗೆ ಬೀಳುತ್ತಿದ್ದಳು. ಒಂದು ದಿನ ಮೊಣಕೈಯಮ್ಮ ಎದುರಿಗೇ ಕುಕ್ಕರಗಾಲಲ್ಲಿ ಕೂತು ಅವಳ ಮುಖವನ್ನೇ ನೋಡಿದಳು.

"ಮತ್ತೆ ಮಾಡು. ಹಾಂ. ಅಲ್ಲೇ ನಿಲ್ಲು. ಉಸಿರೆಲ್ಲಿ?"

"ಯಾವ ಉಸಿರು?"

"ನಿನ್ನ ಉಸಿರು ಕಣೇ! ಪಾದ ಊರಿದ್ ತಕ್ಷಣ ಬಾಯಿ ಬಿಗೀತೀಯ, ಉಸಿರು ಕಟ್ತೀಯ. ಏಳೋ ಹೊತ್ತಿಗೆ ಮುಖ ನೀಲಿ. ಕಣ್ಣು ಕತ್ಲೆ ಬರ್ದೆ ಇನ್ನೇನು?"

ಕಾಲರಕ್ಕ ಕೂತಲ್ಲೇ ಯೋಚಿಸಿದಳು. ಸೂಜಿ ಬಟ್ಟೆಯಲ್ಲಿ, ಪಾದ ಮೇಲೆ. ಮೂತಿ ತಿರುಗಿಸುವ ಗಳಿಗೆ. ಕಾರ್ಖಾನೆ ಬಿಟ್ಟು ವರ್ಷಗಳಾದವು. ಕಷ್ಟದ ಕೆಲಸ ಯಾವುದೇ ಬರಲಿ, ಅವಳು ಇನ್ನೂ ಕಾಲರಿನ ಮೂತಿಯನ್ನೇ ತಿರುಗಿಸುತ್ತಿದ್ದಳು.

"ಉಸಿರು ಬಿಡ್ತಾ ಏಳು," ಅಂದಳು ಮೊಣಕೈಯಮ್ಮ. ಬಿಡುತ್ತೇನೆ ಅಂದುಕೊಂಡು ಮತ್ತೆ ಹಿಡಿದಳು. ಊದು ಅಂದಳು, ಊದುವುದನ್ನೇ ಮರೆತು ಹಿಡಿದಳು. ಎಣಿಸುತ್ತಾ ಏಳು ಅಂದಳು. ಮನಸ್ಸಿನಲ್ಲೇ ಎಣಿಸಿ ಬಿದ್ದಳು.

"ಹಾಗಾದ್ರೆ ಕೂಗು. ಕೂಗೋವಾಗ ಉಸಿರು ಹಿಡಿಯೋಕೆ ಆ ಯಮನಿಗೂ ಆಗಲ್ಲ."

"ಏನಂತ ಕೂಗ್ಲಿ?"

"ಏನಾದ್ರೂ ಕೂಗು. ಗಂಡನ್ನ ಬೈ."

"ಅವನು ಹೋಗಿ ಕಾಲ ಆಯ್ತು. ಬೈದ್ರೂ ರುಚಿ ಇಲ್ಲ."

ಆಗ ಬಾಯಿಗೆ ಬಂದದ್ದು ಒಂದು ಹಳೆಯ ಕೂಗು. ಕಾರ್ಖಾನೆಯಲ್ಲಿ ಕೆಲಸದ ಹೊತ್ತಿನಲ್ಲಿ ಹೊರಗಿನಿಂದ ಬೀಗ ಹಾಕುತ್ತಿದ್ದ ಕಾಲವಿತ್ತು. ಹೆಂಗಸರು ಹೊರಗೆ ಹೋಗಿ ಸಮಯ ಹಾಳು ಮಾಡುತ್ತಾರೆ ಅಂತ ಮಾಲೀಕರ ಅಂಬೋಣ. ಒಂದು ಸಲ ಒಳಗೆ ತಂತಿ ಸುಟ್ಟು ಹೊಗೆ ತುಂಬಿದಾಗಲೂ ಕೀಲಿಯವನನ್ನು ಹುಡುಕಿ ತರಬೇಕಾಯಿತು. ಮರುದಿನ ಯಾರೂ ಯಂತ್ರ ಮುಟ್ಟಲಿಲ್ಲ. ಗೇಟಿನ ಮುಂದೆ ಕೂತರು. ಬಿಸಿಲಿಗೆ ಕೂತರು, ಪೊಲೀಸರು ಎಳೆದಾಡಿದ ಮೇಲೂ ಕೂತರು. ಬೀಗ ತೆಗೆಯುವವರೆಗೆ ಏಳಲಿಲ್ಲ. ಕೂಗು ಕೊಡುತ್ತಿದ್ದವಳು ಕಾಲರಕ್ಕ. ಅವಳು ಬಾಯಿ ತೆರೆದರೆ ಬೀದಿಯ ಆ ಕೊನೆಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಪಾದ ಊರಿದಳು. ಹಿಮ್ಮಡಿ ಒತ್ತಿದಳು. ಹೊಟ್ಟೆಯ ಬುಡದಿಂದ ಬಂತು:

"ಬಾಗ್ಲು ತೆಗೀರೀ!"

ನಿಂತಿದ್ದಳು. ಕಣ್ಣು ಕತ್ತಲೆ ಬಂದಿರಲಿಲ್ಲ. ಕೋಲು ಗೋಡೆಯ ಹತ್ತಿರವೇ ಇತ್ತು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು.

"ಇನ್ನೊಂದ್ಸಲ," ಅಂದಳು ಮೊಣಕೈಯಮ್ಮ.

"ಬಾಗ್ಲು ತೆಗೀರೀ!"

ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಲಾಂಡ್ರಿಯವನು ಒದ್ದೆ ಕೈಯಲ್ಲಿ ಸುತ್ತಿಗೆ ಹಿಡಿದು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಬಾಗಿಲು ಹಾರುಹೊಡೆದಿತ್ತು.

"ಯಾರು ಕೂಡಿಹಾಕಿದ್ದು?"

"ಯಾರೂ ಇಲ್ಲ ಕಣೋ, ವ್ಯಾಯಾಮ."

"ಇದ್ಯಾವ ಸೀಮೆ ವ್ಯಾಯಾಮ? ಎದೆ ಒಡೆದುಹೋಯ್ತು ನಂದು!"

"ಬಂದವನು ಬಂದೆ," ಅಂದಳು ಮೊಣಕೈಯಮ್ಮ. "ನಿನ್ನ ಹತ್ರ ತಕ್ಕಡಿ ಇದ್ಯಲ್ಲ? ಒಂದು ಮಗುವಿನಷ್ಟು ತೂಕದ ಗಂಟು ಕಟ್ಕೊಡು. ಒದ್ದೆ ಟವೆಲ್ಲೇ ಇರ್ಲಿ."

ಬೈದುಕೊಂಡೇ ಕಟ್ಟಿಕೊಟ್ಟ. ಆಮೇಲೆ ತಕರಾರೂ ಮಾಡಲಿಲ್ಲ. ಮೊಮ್ಮಗಳು ದಪ್ಪಗಾದಂತೆ ಗಂಟಿಗೆ ಟವೆಲ್ಲು ಸೇರಿಸುತ್ತಾ ಹೋದ. "ನಿಮ್ಮ ಟವೆಲ್ ಮರಿ ಚೆನ್ನಾಗಿ ಬೆಳೀತಿದೆ," ಅಂತ ಕಿಚಾಯಿಸಿದ. ಕಾಲರಕ್ಕ ಗಂಟನ್ನು ಎದೆಗೆ ಅವಚಿಕೊಂಡು, ಹೊರಳಿ, ಮಂಡಿಯೂರಿ, ಪಾದ ಮುಂದಿಟ್ಟು, ಕೂಗಿ ಏಳುತ್ತಿದ್ದಳು. ಒದ್ದೆ ಗಂಟು ಎದೆಯೆಲ್ಲ ತೋಯಿಸುತ್ತಿತ್ತು. ಮೊಮ್ಮಗಳೂ ಅದನ್ನೇ ಮಾಡುವವಳು, ಆದ್ದರಿಂದ ಅಭ್ಯಾಸ ಸರಿಯಾಗಿಯೇ ನಡೆದಿತ್ತು.

ಬೇಸಿಗೆ ಮುಗಿಯುತ್ತಾ ಬಂತು. ಒಂದು ರಜೆಯ ಬೆಳಿಗ್ಗೆ ಟೀ ಕುಡಿದ ಮೇಲೆ ಕಾಲರಕ್ಕ ಲೋಟ ಕೆಳಗಿಟ್ಟಳು.

"ಆಯ್ತು. ಬಾರೇ, ಪರೀಕ್ಷೆ ಮಾಡು."

ಸೊಸೆ ಅತ್ತೆಯನ್ನು ಒಂದು ಗಳಿಗೆ ನೋಡಿ ಎದ್ದಳು. ಕುರ್ಚಿಗಳನ್ನು ಗೋಡೆಗೆ ಸರಿಸಿದಳು, ಮಂಚವನ್ನೂ ಸರಿಸಿದಳು. ಹಿಡಿಯಲು ಏನೂ ಸಿಗದ ಬರಿಯ ನೆಲ. ಮಗನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಕಾಲರಕ್ಕ ನಿಧಾನಕ್ಕೆ ಮಂಡಿಯೂರಿ ಕೂತಳು. ಸೊಸೆ ಮಗುವನ್ನು ತಂದು ಅವಳ ಮಡಿಲಲ್ಲಿ ಬಿಟ್ಟು, ದೂರ ಸರಿದು, ಕೈಕಟ್ಟಿ ನಿಂತಳು. ಡಿಪೋದ ಗಂಡಸರಂತೆ ಅಲ್ಲ, ಪರೀಕ್ಷಕನಂತೆ.

ಮಗುವನ್ನು ಎದೆಗೆ ಅವಚಿಕೊಂಡಳು. ಮಂಡಿ ಸರಿಯಾಗಿ ನಿಂತಿತು. ಪಾದ ಮುಂದಕ್ಕೆ ಬಂತು. ಹಿಮ್ಮಡಿ ನೆಲ ಕಚ್ಚಿತು. ಬಾಯಿ ತೆರೆದಳು, ಕೂಗು ಗಂಟಲವರೆಗೆ ಬಂತು.

ಅಷ್ಟರಲ್ಲಿ ಮಗು ಅಪ್ಪನನ್ನು ನೋಡಿತು. ಎರಡೂ ಕೈ ಚಾಚಿ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿತು. ಟವೆಲ್ಲಿನ ಗಂಟು ಎಂದೂ ಹೀಗೆ ಮಾಡಿರಲಿಲ್ಲ. ತೂಕವೆಲ್ಲ ಒಂದೇ ಪಕ್ಕಕ್ಕೆ ಹರಿಯಿತು. ಕಾಲರಕ್ಕನ ತೊಡೆ ನಡುಗಿತು. ಇನ್ನೊಂದು ನೂಕು ನೂಕಿದರೆ ಎದ್ದುಬಿಡುತ್ತಿದ್ದಳು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏಳುವಾಗ ಮಗು ಕೈಜಾರಿದರೂ ಜಾರಬಹುದು, ಅದೂ ಗೊತ್ತಿತ್ತು. ಮೈಯೆಲ್ಲ ಮಾಡು, ಮಾಡು ಅನ್ನುತ್ತಿತ್ತು. ಎದುರಿಗೆ ಸೊಸೆ. ಗೋಡೆಯ ಮೇಲೆ ಖಾಲಿ ಮೊಳೆ.

ಮಗ ಕೈ ಮುಂದೆ ಮಾಡಿದ.

"ಕೈ ತೆಗಿಯೋ," ಅಂದಳು ಕಾಲರಕ್ಕ.

ಅಂದು, ಕೂಗನ್ನು ನುಂಗಿದಳು. ಮುಂದಿಟ್ಟ ಪಾದವನ್ನು ಹಿಂದಕ್ಕೆ ತಂದಳು. ಎರಡೂ ಮಂಡಿಯ ಮೇಲೆ ಕೂತು ಮಗುವನ್ನು ಮೆತ್ತಗೆ ನೆಲದ ಮೇಲೆ ಇಳಿಸಿದಳು. ಇಳಿಸಿದವಳು ಅದರ ಬೆನ್ನ ಮೇಲೊಂದು ಕೈಯಿಟ್ಟು ಉಸಿರು ಬಿಟ್ಟಳು. ಸೋತೆ ಅಂದುಕೊಂಡಳು. ಸೋತರೆ ಸೋತೆ. ಮಗು ನೆಲದ ಮೇಲಿದೆ, ಪೆಟ್ಟಾಗಿಲ್ಲ.

"ಏಯ್ ಪುಟ್ಟಿ," ಅಂದಳು. "ಅಪ್ಪನ ಮುಸುಡಿ ಆಮೇಲೆ ನೋಡಿದ್ರಾಯ್ತು. ಈಗ ನನ್ನ ನೋಡು."

ಮಗು ನೋಡಿತು. ಕಾಲರಕ್ಕ ಅದನ್ನು ಈ ಸಲ ತನ್ನ ಕಡೆ ಮುಖ ಮಾಡಿಸಿ, ಹೊಟ್ಟೆಗೆ ಹೊಟ್ಟೆ ತಾಗಿಸಿ, ಒಂದು ತೋಳು ಬೆನ್ನಿಗೆ ಇನ್ನೊಂದು ಕುಂಡೆಗೆ ಕೊಟ್ಟು ಎತ್ತಿಕೊಂಡಳು. ಪಾದ ಮುಂದಕ್ಕೆ. ಹಿಮ್ಮಡಿ.

"ಬಾಗ್ಲು ತೆಗೀರೀ!"

ಕಿಟಕಿಯ ಗಾಜು ಅದುರಿತು. ಕೆಳಮನೆಯಲ್ಲಿ ಯಾರೋ ಏನನ್ನೋ ಬೀಳಿಸಿದರು. ಮಗು ಬೆಚ್ಚಿ, ಅಳುವುದೋ ನಗುವುದೋ ಅಂತ ತೀರ್ಮಾನಿಸಲಾಗದೆ ಅಜ್ಜಿಯ ಬಾಯನ್ನೇ ಕಣ್ಣರಳಿಸಿ ನೋಡಿತು. ಅಷ್ಟರಲ್ಲಿ ಅಜ್ಜಿ ನಿಂತಾಗಿತ್ತು. ಕಾಲು ನಡುಗುತ್ತಿತ್ತು, ಆದರೆ ನಿಂತಿತ್ತು.

"ಎರಡನೇ ಸಲಕ್ಕೆ ಎದ್ದೆ," ಅಂದಳು ಏದುಸಿರಲ್ಲಿ. "ಲೆಕ್ಕಕ್ಕಿಲ್ಲ ಅಂದ್ರೆ ಹೇಳ್ಬಿಡು. ನಾಳೆ ಮತ್ತೆ ಮಾಡ್ತೀನಿ. ಇವತ್ತು ಇಷ್ಟೇ."

ಸೊಸೆ ಬಂದು ಮಗುವನ್ನು ತೆಗೆದುಕೊಳ್ಳಲಿಲ್ಲ. ಅತ್ತೆಯ ಕೈಯಲ್ಲೇ ಬಿಟ್ಟಳು.

"ಎದ್ದಿದ್ದು ಇರ್ಲಿ ಅತ್ತೆ," ಅಂದಳು. "ಮೊದಲ್ನೇ ಸಲ ನಿಲ್ಸಿದ್ರಲ್ಲ, ನಾನು ನೋಡ್ಬೇಕಾಗಿದ್ದು ಅದು."

ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಸಮವಸ್ತ್ರದಲ್ಲಿ ಮಡಿಕೆಯ ಗೆರೆ ಬಿದ್ದಿತ್ತು. ಅವಳು ಇಸ್ತ್ರಿಪೆಟ್ಟಿಗೆ ಹುಡುಕುವ ಮೊದಲೇ ಕಾಲರಕ್ಕ, "ಕಾಲರಿಗೆ ನೀನು ಕೈ ಹಾಕ್ಬೇಡ, ಕೆಡಿಸ್ತೀಯ. ನಾನು ಮಾಡ್ಕೊಡ್ತೀನಿ," ಅಂದಳು. ಮಗನ ಕಡೆ ತಿರುಗಿದಳು. "ಹಿಡ್ಕೊಳ್ಳೋ ಇವಳನ್ನ. ಒದ್ದೆ ಮಾಡಿದಾಳೆ."

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ಡಿಪೋಗೆ ಹೋದಳು. ಹಲಗೆಯ ತಡೆ ದಾಟಿ, ಬಾಗಿಲು ಎಳೆದುಕೊಂಡು, ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ಕಾಲರಕ್ಕ ಚಾಪೆ ಹಾಸಿ ನೆಲಕ್ಕೆ ಕೂತಳು. ಮಗು ಚಮಚ ಎಸೆಯಿತು. ಅದು ಸೀದಾ ಮಂಚದಡಿಗೆ ಹೋಯಿತು.

"ಎಸಿ," ಅಂದಳು ಕಾಲರಕ್ಕ. "ಇನ್ನೊಂದಿದ್ರೆ ಅದನ್ನೂ ಎಸಿ."

ಮಂಡಿಯೂರಿ ತೆಗೆದಳು. ಪಾದ ಮುಂದಿಟ್ಟಳು, ಹಿಮ್ಮಡಿ ಒತ್ತಿದಳು. ವಾರವಿಡೀ ಕೇಳಿ ಕೇಳಿ ಕೆಳಮನೆಯವರಿಗೆ ಆ ಕೂಗು ಈಗ ರೂಢಿಯಾಗಿತ್ತು. ಯಾರೂ ಮೇಲಕ್ಕೆ ಓಡಿ ಬರಲಿಲ್ಲ.